ಕೆಂಪು ಶಾಲಿನ ಅಣ್ಣ ಸತ್ತನೋ ಇಲ್ಲವೋ

ಬಯಲಾಟದವರ ಮನೆಯಲ್ಲಿ ಹುಟ್ಟಿದ ಉಚ್ಚೆಂಗಮ್ಮ ನಲವತ್ತೆರಡನೇ ವಯಸ್ಸಿನಲ್ಲಿ ಟೀವಿಯ ಒಳಾಟಕ್ಕೆ ಇಳಿದಳು. ೧೯೯೪ರಲ್ಲಿ ಕಂಪ್ಲಿಯಲ್ಲಿದ್ದ ಅವಳ ಕಬ್ಬಿನ ಗದ್ದೆ ಕೈತುಂಬ ದುಡ್ಡು ಕೊಟ್ಟಿತ್ತು. ಅದರಲ್ಲಿ ಹೊಸಪೇಟೆಯ ಕಾಲುವೆ ದಂಡೆಯಲ್ಲಿ ಎರಡು ಟೀವಿ, ಒಂದು ರಾಶಿ ಕ್ಯಾಸೆಟ್ಟು ಇಟ್ಟುಕೊಂಡು ವಿಡಿಯೋ ಗೇಮ್ ಅಂಗಡಿ ತೆರೆದಳು.

ಎಲ್ಲರ ಮೆಚ್ಚಿನ ಆಟ ಮೂರು ಭಾಗದ್ದು, ಭಾಗಕ್ಕೊಂದು ಕ್ಯಾಸೆಟ್ಟು: ಅಣ್ಣತಮ್ಮ ಇಬ್ಬರು ರಾಕ್ಷಸನ ಕೋಟೆಗೆ ನುಗ್ಗುವ ಕಥೆ. ಅದರ ಚಿತ್ರಗಳನ್ನು ಅಂಗಡಿಯ ಗೋಡೆ ಮೇಲೆ ಬರೆಯಲು ಸಂಡೂರಿನ ಗಣಿ ಲಾರಿಗಳಿಗೆ ಬಣ್ಣ ಹಚ್ಚುವ ದೊಡ್ಡಬಸಪ್ಪ ಬಂದ. ಎರಡನೇ ಭಾಗದ ಕೊನೆಗೆ ಬಂದಾಗ ಅವನ ಕುಂಚ ನಿಂತಿತು. ಸೇತುವೆ ಮೇಲೆ ರಾಕ್ಷಸನೊಡನೆ ಕಾದಾಡುವ ಕೆಂಪು ಶಾಲಿನ ಅಣ್ಣ ಕೊನೆಗೆ ಸತ್ತನೋ, ಬದುಕಿದನೋ?

“ಬದುಕ್ಯಾನ,” ಎಂದ ಸಕ್ಕರೆ ಕಾರ್ಖಾನೆಯ ಫಿಟರ್ ತಾಯಪ್ಪ. “ಮೂರನೇ ಭಾಗದಾಗ ಅದೇ ಶಾಲು ಹೊದ್ದು ಬರ್ತಾನಲ್ಲ!”

“ಸತ್ತಾನ್ಲೇ. ಬಳ್ಳಾರಿ ಗೇಮ್ ಅಂಗಡಿಯವ ಹೇಳ್ಯಾನ,” ಎಂದ ಕಾಲೇಜಿನ ಓಬಳೇಶ.

“ಕ್ಯಾಸೆಟ್ ಡಬ್ಬಿ ಚಿತ್ರದಾಗ ಅಣ್ಣ ಕುದುರಿ ಹತ್ಯಾನ ನೋಡ್ರಿ,” ದೊಡ್ಡಬಸಪ್ಪನೂ ತನ್ನದೊಂದು ಸೇರಿಸಿದ.

“ಆಟದಾಗ ಕುದುರಿ ಎಲ್ಲೈತಿ?” ಉಚ್ಚೆಂಗಮ್ಮ ಎದ್ದು ನಿಂತಳು. “ಬಳ್ಳಾರಿಯವಂದೂ ಬ್ಯಾಡ, ಡಬ್ಬಿದೂ ಬ್ಯಾಡ. ಟೀವ್ಯಾಗ ಕಂಡದ್ದಷ್ಟೇ ಖರೆ. ಸುಳ್ಳು ನನ್ನ ಗೋಡಿ ಮ್ಯಾಲ ಬರಬಾರದು.”

ಆದರೆ ಎರಡನೇ ಭಾಗವನ್ನು ಕೊನೆ ಮುಟ್ಟಿಸಿದವರು ಯಾರೂ ಇರಲಿಲ್ಲ.

“ನಾ ಮುಗಸ್ತೀನಿ,” ಎಂದಳು ಉಚ್ಚೆಂಗಮ್ಮ.

“ಅಕ್ಕಾ, ಮೊದಲ್ನೇ ಹೊಂಡಾನ ದಾಟಿಲ್ಲ ನೀವು!” ತಾಯಪ್ಪ ನಕ್ಕ.

“ಶನಿವಾರದ ತನಕ ಕಾಯ್ತೀನ್ರಿ. ಆಮ್ಯಾಲ ಲಾರಿ ಕೆಲಸ ಐತಿ,” ಎಂದ ದೊಡ್ಡಬಸಪ್ಪ.

ಆರು ದಿನ ಆಡಿದಳು. ಹೆಬ್ಬೆರಳಿಗೆ ಬೊಬ್ಬೆ ಎದ್ದರೆ ಅರಿವೆ ಸುತ್ತಿಕೊಂಡಳು. ಆಟಕ್ಕಿಂತ ಹಠ ದೊಡ್ಡದಿತ್ತು. ಒಳಗೊಳಗೇ ಅಣ್ಣ ಬದುಕಲಿ ಎನ್ನುವ ಆಸೆ ಅವಳಿಗೂ ಇತ್ತು.

ಶನಿವಾರ ಮಧ್ಯಾಹ್ನ ರಾಕ್ಷಸ ಬಿದ್ದ. ಜೊತೆಗೇ ಸೇತುವೆ ಮುರಿದು ಅಣ್ಣ ಬೆಂಕಿಯ ಹೊಳೆ ಸೇರಿದ. ದಂಡೆಯಲ್ಲಿ ತಮ್ಮ ಕಲ್ಲು ನೆಟ್ಟು ಕೈಮುಗಿದ. ಉಚ್ಚೆಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ತಾಯಪ್ಪ ಬಿಡಲಿಲ್ಲ. “ಹಂಗಾರ ಮೂರನೇ ಭಾಗದಾಗ ಶಾಲು ಹೊದ್ದವ ಯಾರ್ರೀ? ಅವನೂ ಟೀವ್ಯಾಗ ಕಾಣ್ತಾನಲ್ಲ!”

“ನಮ್ಮಪ್ಪನ ಬಯಲಾಟದ ಮೇಳದಾಗ ಕೆಂಪು ಅಂಗಿ ಒಂದೇ ಇತ್ತಪ್ಪ. ಸತ್ತ ರಾಜನ ಅಂಗೀನ ಆಮ್ಯಾಲ ಮಂತ್ರಿ ಹಾಕ್ಕೊಂಡು ಬರ್ತಿದ್ದ. ರಾಜ ಎದ್ದು ಬಂದ ಅಂತ ಯಾರೂ ಚಪ್ಪಾಳಿ ಹೊಡೀಲಿಲ್ಲ. ಹೆಸರು ಹೇಳೋ ತನಕ ಕಾಯ್ತಿದ್ರು. ಓಬಳೇಶ, ಮೂರನೇ ಕ್ಯಾಸೆಟ್ ಹಾಕು. ಅವನ ಹೆಸರು ಓದು.”

ಓಬಳೇಶ ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದ. ಅಣ್ಣನದಲ್ಲ, ಬೇರೆಯೇ ಹೆಸರು.

“ಈ ಆಟ ಮಾಡಿದವರ ಮೇಳದಾಗೂ ಬಟ್ಟಿ ಕಮ್ಮಿ,” ಎಂದಳು ಉಚ್ಚೆಂಗಮ್ಮ. “ದೊಡ್ಡಬಸಪ್ಪ, ಅಣ್ಣ ಹೊಳಿಯಾಗ ಬೀಳೋದು ಬರಿ. ಶಾಲಿಗೆ ಕೆಂಪು ಗಟ್ಟಿ ಹಚ್ಚು. ನನಗೂ ಭಾಳ ಬೇಕಾದವ ಅವ.”

ತಾಯಪ್ಪ ಕೆಂಪು ಬಣ್ಣದ ಡಬ್ಬಿ ಎತ್ತಿ ಹಿಡಿದ.