ಬೋಗದಾದ ಸೀರೆಗೆ ಸಹಿ ಬಾಕಿ ಇದೆ

ಬಾಗಲಕೋಟೆಯ ಸಮಸ್ತ ಮಹಾಜನತೆಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ...
ನಮ್ಮ ಓಣಿಯ ಬೋಗದಾ ಗೋಡೆ ಚಿತ್ರ ಸಮಿತಿಯು ಇಂದು ಬೆಳಿಗ್ಗೆ ಸಭೆ ಸೇರಿ,
ಎರಡು ಸುತ್ತು ಚಹಾದ ನಂತರ,
ಗೋಡೆಯ ಮೇಲಿನ ಸೀರೆಯ ದಡಿಯನ್ನು ಇನ್ನೂ ಎರಡು ಬೆರಳು ಅಗಲ ಮಾಡತಕ್ಕದ್ದೆಂದು
ಸರ್ವಾನುಮತದಿಂದ ಠರಾವು ಪಾಸು ಮಾಡಿದೆ.

ಠರಾವು ತಿಳಿಸಲು ಕಾರ್ಯದರ್ಶಿಯಾದ ನಾನು ಪೇಂಟರ್ ದಾವಲಸಾಬರಿಗೆ ಫೋನ್ ಹಚ್ಚಿದೆ.
ಎತ್ತಿದ್ದು ಮಗಳು.
"ಅಬ್ಬಾ ಹೋದರ್ರಿ ಕಾಕಾ..."
"ಎಲ್ಲಿಗೆ ಹೋಗ್ಯಾರ?" ಅಂದೆ.

ಹೌದು, ಹಾಗೇ ಕೇಳಿದೆ.
ನಿನ್ನೆ ಸಂಜೆ ಏಣಿ ಮೇಲೆ ನಿಂತು ನನ್ನ ಹೊಸ ಕನ್ನಡಕ ನೋಡಿ ನಕ್ಕಿದ್ದ ಮನುಷ್ಯ...
ಹೋದರು ಅಂದರೆ ಬಣ್ಣ ತರಲು ಹೋಗಿರಬೇಕು ಅನ್ನಿಸುವುದಿಲ್ಲವೇ?
ನಸುಕಿನಲ್ಲಿ ಹಾರ್ಟ್ ಅಟ್ಯಾಕ್ ಅಂತೆ. ದವಾಖಾನೆ ಮುಟ್ಟುವುದರೊಳಗೆ...

ಗೊತ್ತಿಲ್ಲದವರಿಗೆ ಹೇಳಬೇಕು.
ಬೋಗದಾ ಅಂದರೆ ರೈಲು ಹಳಿಯ ಕೆಳಗಿನ ಅಂಡರ್‌ಪಾಸ್.
ನಮ್ಮ ಓಣಿಯಿಂದ ವಿದ್ಯಾಗಿರಿ ಕಡೆ ಹೋಗುವವರೆಲ್ಲ ಮೂಗು ಹಿಡಿದುಕೊಂಡು ದಾಟುತ್ತಿದ್ದ ಜಾಗ.
ಅಲ್ಲಿ ಮೊದಲಿನಿಂದಲೂ ಒಂದು ಗೋಡೆ ಚಿತ್ರ ಇತ್ತು... ಗುಟ್ಕಾ ಉಗುಳಿನದ್ದು.
ಸಾರ್ವಜನಿಕರ ಸ್ವಯಂಪ್ರೇರಿತ ಕೊಡುಗೆ.

ಅದನ್ನು ಮುಚ್ಚಿ ಚಂದದ್ದೊಂದು ಬರೆಸೋಣವೆಂದು ಸಮಿತಿ ಮಾಡಿದೆವು.
ಅಧ್ಯಕ್ಷರು, ರಿಟೈರ್ಡ್ ಹೆಡ್‌ಮಾಸ್ತರ್ ಸಂಗಪ್ಪನವರು.
ಒಬ್ಬರು ಬಾದಾಮಿ ಗುಹೆ ಅಂದರು.
ಒಬ್ಬರು ಅಮೀನಗಡದ ಕರದಂಟು ಅಂದರು. ಗೋಡೆಯ ಮೇಲೆ ಅದು ಜಲ್ಲಿಕಲ್ಲಿನ ಹಾಗೆ ಕಾಣುತ್ತದೆಂದು ಕೈಬಿಟ್ಟೆವು.
ಕೊನೆಗೆ, ಊರ ಹಿರಿಯರ ಮುಖಗಳೇ ಇರಲಿ ಅಂತಾಯಿತು.

ದಾವಲಸಾಬರು ಒಪ್ಪಲಿಲ್ಲ.
"ಸರ, ನಾ ಬೋರ್ಡಿನ ಅಕ್ಷರ ಬರಿಯಾಂವ. ಯಾರದರ ಮೀಸಿ ಒಂದೀಟು ಹೆಚ್ಚುಕಡಿಮಿ ಆತಂದ್ರ ನನ್ನ ಈ ಓಣ್ಯಾಗ ಇರಗೊಡ್ತೀರೇನು? ಇಳಕಲ್ಲ ಸೀರಿ ಬರಿತೇನಿ. ನಮ್ಮವ್ವ ಅಲ್ಲಿಯಾಕಿ, ಮಗ್ಗದ ಮುಂದ ಬೆಳದೇನಿ. ಸೀರಿ ಅಂದ್ರ ಗೆರಿ... ಗೆರಿ ಅಂದ್ರ ನಾ."

ಹೀಗೆ ಬೋಗದಾದ ಉದ್ದಕ್ಕೂ ಸೀರೆ ಬಿಚ್ಚಿಕೊಂಡಿತು.
ಕಪ್ಪು ಒಡಲು, ಕೆಂಪು ದಡಿ, ತುದಿಗೆ ಬಿಳಿ ತೆನೆಗಳ ಕೆಂಪು ಸೆರಗು.
ಸೆರಗು ನಮ್ಮ ಕಡೆ ಬರಬೇಕೆಂದು ನಾವು... ತಮ್ಮ ಕಡೆ ಬರಬೇಕೆಂದು ಹಳಿಯ ಆಚೆಯವರು.
ಎರಡು ಮೀಟಿಂಗ್ ಇದಕ್ಕೇ ಹೋದವು.
ಬೋಗದಾಕ್ಕೆ ಎರಡು ಗೋಡೆಗಳಿವೆ ಎಂದು ಕೊನೆಗೆ ನೆನಪಿಸಿದವರು ದಾವಲಸಾಬರೇ.
ಒಂದರ ಸೆರಗು ಈಚೆ, ಇನ್ನೊಂದರದು ಆಚೆ.
ಸಮಿತಿಗೆ ಇದು ಹೊಳೆದಿರಲಿಲ್ಲ. ನಾವು ಚರ್ಚೆಯಲ್ಲಿದ್ದೆವು.

ಅವರದೊಂದು ರಿವಾಜಿತ್ತು.
ಗಿರಾಕಿ ಎದುರು ನಿಂತು "ಬರೋಬ್ಬರಿ ಐತಿ" ಅನ್ನುವತನಕ ಬೋರ್ಡಿನ ಮೂಲೆಗೆ ಸಹಿ ಹಾಕುತ್ತಿರಲಿಲ್ಲ.
'ದಾವಲ' ಅಂತ ಮೂರಕ್ಷರ... ಕೆಳಗೊಂದು ಸಣ್ಣ ಕುಂಚ. ಅಷ್ಟೇ ಸಹಿ.
ಫ್ಲೆಕ್ಸ್ ಬಂದ ಮೇಲೆ ಆ ಸಹಿಗೆ ಊರಿನಲ್ಲಿ ಜಾಗವೇ ಉಳಿದಿರಲಿಲ್ಲ.
ಈ ಗೋಡೆಯ ಮೂಲೆಯಲ್ಲಿ ಗೇಣಗಲ ಜಾಗ ಖಾಲಿ ಬಿಟ್ಟುಕೊಂಡು ಕಾಯುತ್ತಿದ್ದರು.

ದಾವಲಭಾಯಿ...
ನೀವು ಕೇಳಿದಾಗಲೆಲ್ಲ ನಾವೊಂದು ತಿದ್ದುಪಡಿ ಕೊಟ್ಟೆವು.
ಕೆಂಪು ಸಾಲದು... ತೆನೆ ಗಿಡ್ಡವಾದವು...
ಸಮಿತಿ ಅಂದಮೇಲೆ ಏನಾದರೂ ಹೇಳಬೇಕಲ್ಲ.
ನಾನಂತೂ ಗೋಡೆಯ ಉಬ್ಬು ನೋಡಿ, "ಸೀರಿಗೆ ಇಸ್ತ್ರಿ ಆಗಿಲ್ಲಲ್ರಿ ಭಾಯಿ" ಅಂದೆ.
ಎಲ್ಲರೂ ನಕ್ಕರು. ನೀವೂ ನಕ್ಕಿರಿ.
ಮರುದಿನ ನೋಡಿದರೆ ಆ ಉಬ್ಬನ್ನು ಕೆರೆದು, ಗಿಲಾವು ಹಚ್ಚಿ ಸಮ ಮಾಡಿ, ಮತ್ತೆ ಮೊದಲಿನಿಂದ ಗೆರೆ ಎಳೆಯುತ್ತಿದ್ದಿರಿ.
ನನ್ನ ಜೋಕನ್ನು ಇಷ್ಟು ಸೀರಿಯಸ್ಸಾಗಿ ತೆಗೆದುಕೊಂಡವರು ಇನ್ನೊಬ್ಬರಿಲ್ಲ.

ನಿನ್ನೆಯೂ ಏಣಿ ಮೇಲಿಂದ ಕೇಳಿದಿರಿ.
"ಹಂಗಾರ ಬರೋಬ್ಬರಿ ಐತೇನ್ರಿ ಸರ?"
"ನಾಳಿ ಮೀಟಿಂಗ್ ಐತಲ್ರಿ, ಹೇಳ್ತೇವಿ."

ಮೀಟಿಂಗ್ ಬೇಕಿರಲಿಲ್ಲ ಭಾಯಿ.
ಉಗುಳುವವರು ಈಗ ಬೋಗದಾ ದಾಟಿ, ಆಚೆ ಹೋಗಿ ಉಗುಳುತ್ತಿದ್ದಾರೆ.
ಬಾಯಿ ತುಂಬಿಕೊಂಡು, ಗಲ್ಲ ಉಬ್ಬಿಸಿಕೊಂಡು, ಅವಸರದಲ್ಲಿ ಗಾಡಿ ಓಡಿಸುವ ಆ ಮುಖಗಳನ್ನು ನಾವು ನೋಡಿದ್ದರೂ ಸಾಕಿತ್ತು...

ಸಂಜೆ ಮಣ್ಣು ಕೊಟ್ಟು, ಬೋಗದಾದೊಳಗಿಂದಲೇ ಮರಳಿದೆವು.
ಸಂಗಪ್ಪ ಮಾಸ್ತರು ಆ ಖಾಲಿ ಮೂಲೆಯ ಎದುರು ನಿಂತುಬಿಟ್ಟರು.
ಬೆಳಗಿನ ಠರಾವಿನ ಚೀಟಿಯನ್ನು ಜೇಬಿನಿಂದ ತೆಗೆದು ಹರಿದರು.
ಚೂರುಗಳನ್ನು ಅಲ್ಲಿ ಒಗೆಯಲು ಮನಸ್ಸು ಬರದೆ, ಮತ್ತೆ ಜೇಬಿಗೇ ಹಾಕಿಕೊಂಡರು.
ಆಮೇಲೆ, ಕೊನೆಯ ಬೆಂಚಿಗೂ ಕೇಳುವ ಹಾಗೆ...
"ಬರೋಬ್ಬರಿ ಐತಿ ದಾವಲಸಾಬ್ರ."
ಬೋಗದಾ ಅದನ್ನು ಎರಡು ಸಲ ಹೇಳಿತು.

ಏಣಿ ಇಳಿದಿದ್ದೀರಿ ಭಾಯಿ...
ಯಾರೂ ತಿದ್ದುಪಡಿ ಹೇಳದ ಕಡೆ ನಿಮ್ಮ ಜೀವ ತಣ್ಣಗಿರಲಿ.

ಇನ್ನು ಓದಿದವರಿಗೆ ಒಂದು ಸಣ್ಣ ಕೆಲಸ.
ಆ ಮೂಲೆಗೆ ಅಬ್ಬಾನ ಸಹಿಯನ್ನು ತಾನೇ ಬರೆಯುತ್ತೇನೆಂದು ಮಗಳು ಹೇಳಿದ್ದಾಳೆ.
ಆದರೆ ಮನೆಯಲ್ಲಿ ಅವರು ಬರೆದ ಒಂದು ಬೋರ್ಡೂ ಇಲ್ಲ.
ಆ ಕುಂಚದ ತುದಿ ಎಡಕ್ಕಿತ್ತೋ ಬಲಕ್ಕಿತ್ತೋ, ಯಾರಿಗೂ ನೆನಪಿಲ್ಲ.
ಫ್ಲೆಕ್ಸ್ ಹಾಕಿಸುವಾಗ ಕಿತ್ತ ತಗಡಿನ ಬೋರ್ಡು ನಿಮ್ಮ ಬಚ್ಚಲಿನ ಬಾಗಿಲೋ, ಕೋಳಿ ಗೂಡಿನ ಚಾವಣಿಯೋ ಆಗಿರಬಹುದು.
ಹುನಗುಂದ, ಬಾದಾಮಿ, ಇಳಕಲ್ಲ ಕಡೆಯವರೂ ಒಮ್ಮೆ ನೋಡಿ.
ಕೋಳಿಗಳ ಕ್ಷಮೆ ಕೇಳಿ,
ಬಲಗಡೆಯ ಕೆಳಮೂಲೆಯನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ,
ಒಂದು ಫೋಟೋ ತೆಗೆದು ಕೆಳಗೆ ಕಮೆಂಟಿನಲ್ಲಿ ಹಾಕಿ.