ಅಕ್ಕಾ, ಬಣ್ಣ ನೋಡು ಬಾ

ಬಣ್ಣದಂಗಡಿಯಲ್ಲಿ ಅವಳ ಕಣ್ಣಿಗಿದ್ದ ಬೆಲೆ ಮಾಲೀಕನ ಮಾತಿಗೂ ಇರಲಿಲ್ಲ. ಗಿರಾಕಿ ಹಳೆ ಗೋಡೆಯಿಂದ ಕೆರೆದು ತಂದ ಚೂರನ್ನು ಬೆಳಕಿಗೆ ಹಿಡಿದು, "ಇದರಲ್ಲಿ ಹಸಿರು ಇದೆ, ನಿಮಗೆ ಕಾಣ್ತಿಲ್ಲ ಅಷ್ಟೆ" ಎಂದು ಹೇಳಿ, ಅದೇ ಬಣ್ಣವನ್ನು ಡಬ್ಬದಲ್ಲಿ ಬೆರೆಸಿ ಕೊಡುತ್ತಿದ್ದಳು. ಬೀದಿಯವರಿಗೆಲ್ಲ ಅವಳು ಬಣ್ಣದಕ್ಕ. ಕಣ್ಣಿಗೆ ಹೆಸರು ತಂದ ಕೆಲಸವೇ ಕಿವಿಯನ್ನು ತಿಂದಿತ್ತು. ಡಬ್ಬಗಳನ್ನು ಗಡಗಡ ಅಲುಗಿಸುವ ಯಂತ್ರದ ಪಕ್ಕ ವರ್ಷಗಟ್ಟಲೆ ನಿಂತು ಸಣ್ಣಪುಟ್ಟ ಸದ್ದು ಅವಳಿಗೆ ಕೇಳಿಸುತ್ತಿರಲಿಲ್ಲ. ಜೋರಾಗಿ ಕೂಗಿದರೆ ತಿರುಗುತ್ತಿದ್ದಳು, ಅದೂ ಮನಸ್ಸಿದ್ದರೆ.

ಮನೆಯಲ್ಲಿ ಕೂಗುವುದಕ್ಕೆ ತಮ್ಮನಿದ್ದ. ಬಸ್ ಕಂಡಕ್ಟರ್, ಹಿಂದಿನ ಬಾಗಿಲಿನಿಂದ ಡ್ರೈವರ್‌ಗೆ ಕೇಳಿಸುವಂತೆ ಪಳಗಿದ ಗಂಟಲು. ಇಬ್ಬರೂ ಮದುವೆಯ ಗೋಜಿಗೆ ಹೋಗದೆ, ಮಹಡಿಯ ಮೇಲಿನ ಪುಟ್ಟ ಮನೆಯಲ್ಲಿ ಒಬ್ಬರನ್ನೊಬ್ಬರು ಬೈದುಕೊಂಡು ನೆಮ್ಮದಿಯಾಗಿದ್ದರು. ಅವನಿಗೆ ಮೀನಿನ ಹುಚ್ಚು. ಮೇಜಿಗೆ ತಾಗಿದ ದೊಡ್ಡ ಗಾಜಿನ ತೊಟ್ಟಿಯ ತುಂಬ ಚಿನ್ನದ ಬಣ್ಣದ ಮೀನುಗಳು. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದು, ರೆಕ್ಕೆ ಸೀಳಿದ್ದು, ಈ ತುದಿಯಿಂದ ಆ ತುದಿಗೆ ಓಡಾಡಿ ಉಳಿದವರನ್ನೆಲ್ಲ ವಿಚಾರಿಸಿಕೊಳ್ಳುತ್ತಿತ್ತು. ಅದಕ್ಕೆ ಅವನಿಟ್ಟ ಹೆಸರು ಚೆಕಿಂಗ್ ಸಾಹೇಬ.

ಭಾನುವಾರ ಸಂಜೆ ನೀರಿನ ಪರೀಕ್ಷೆ. ಮೀನಿನ ಹೊಲಸಿನಿಂದ ನೀರಿನಲ್ಲಿ ನೈಟ್ರೇಟ್ ಸೇರುತ್ತಾ ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಹೆಚ್ಚಾದರೆ ಮೀನಿಗೆ ವಿಷ. ತಮ್ಮನು ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ತೆಗೆದು, ಎರಡು ಪುಟ್ಟ ಬಾಟಲಿಗಳಿಂದ ಹನಿ ಹಾಕಿ, ಐದು ನಿಮಿಷ ಬಿಟ್ಟು ಅಡುಗೆಮನೆಯತ್ತ ಕೂಗುತ್ತಿದ್ದ: "ಅಕ್ಕಾ, ಬಣ್ಣ ನೋಡು ಬಾ!" ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ತೀರ್ಪು ಕೊಡುತ್ತಿದ್ದಳು. ಹಳದಿಯಾಗಿ ಉಳಿದರೆ ನೀರು ಸರಿ. ಕೆಂಪಿಗೆ ತಿರುಗಿದರೆ ಬದಲಿಸಬೇಕು. ಹನಿ ಅವನದು, ಬಣ್ಣ ಅವಳದು. ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈ ಹಾಕಿದವರಲ್ಲ.

ನೀರಿನಲ್ಲಿ ಅದ್ದಿ ತೆಗೆಯುವ ಕಾಗದದ ಪಟ್ಟಿಗಳೂ ಪೇಟೆಯಲ್ಲಿ ಸಿಗುತ್ತಿದ್ದವು. ತಮ್ಮನಿಗೆ ಅವುಗಳ ಮೇಲೆ ತಾತ್ಸಾರ. "ಪಟ್ಟಿ ಹೇಳೋದು ಗಾಳಿಮಾತು. ಹನಿ ಹೇಳೋದೇ ಸಾಕ್ಷಿ" ಎನ್ನುತ್ತಿದ್ದ.

ಆಸ್ಪತ್ರೆಯ ಹಾಸಿಗೆಯಲ್ಲಿ ಆ ಗಂಟಲು ಪಿಸುಮಾತಿಗೆ ಇಳಿಯಿತು. ಅವಳು ಕಿವಿಯನ್ನು ಅವನ ಬಾಯಿಗೆ ಹಚ್ಚಿ ಕೇಳಬೇಕಾಯಿತು. "ಸಾಹೇಬ್ರನ್ನ ನೋಡ್ಕೋ ಅಕ್ಕ. ನೀರು ಕೆಡೋಕೆ ಬಿಡಬೇಡ." ಅಷ್ಟೇ ಹೇಳಿದ.

ಅವನು ಹೋದ ಮೇಲೆ, ಮುಂದಿನ ಭಾನುವಾರಗಳಲ್ಲಿ ಹನಿಯೂ ಅವಳದೇ ಆಯಿತು. ಬಾಟಲಿಯ ಮೇಲಿನ ಬರಹ ತಮ್ಮನ ಹೆಬ್ಬೆರಳಿಗೆ ಸವೆದುಹೋಗಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಮುಚ್ಚಳದ ಬಣ್ಣದಿಂದ ಗೊತ್ತಿತ್ತು. ನೀರು ಪ್ರತಿ ಸಲವೂ ಹಳದಿ. ಎಳ್ಳಷ್ಟೂ ಕೆಂಪಿಲ್ಲದ, ಶುದ್ಧ ಹಳದಿ. ನೀರು ಸರಿಯಿದ್ದ ಮೇಲೆ ಬದಲಿಸುವುದೇಕೆ? ಬದಲಿಸಲಿಲ್ಲ. ಮೀನುಗಳು ಮಾತ್ರ ಒಂದರ ಹಿಂದೆ ಒಂದು ಸತ್ತವು.

ಅದಕ್ಕಿಂತ ಅವಳನ್ನು ನಡುಗಿಸಿದ್ದು ಇನ್ನೊಂದು. ಅವಳು ಬಾಟಲಿಗಳನ್ನು ಮೇಜಿನ ಮೇಲಿಟ್ಟ ಕೂಡಲೇ ಉಳಿದ ಮೀನುಗಳೆಲ್ಲ ತೊಟ್ಟಿಯ ಒಂದೇ ಮೂಲೆಗೆ ಬಂದು, ತಮ್ಮನು ಕೂರುತ್ತಿದ್ದ ಕುರ್ಚಿಯತ್ತ ಮುಖ ಮಾಡಿ ನಿಲ್ಲುತ್ತಿದ್ದವು. ಅವಳು ಎದುರಿಗೆ ಬಂದು ನಿಂತರೂ ಅವಳನ್ನು ದಾಟಿ ನೋಡುತ್ತಿದ್ದವು. ಆ ಕುರ್ಚಿ ಖಾಲಿಯಿತ್ತು. ಅವನು ಅಲ್ಲೇ ಕೂತು ಒಂದೊಂದನ್ನೇ ಕರೆಯುತ್ತಿದ್ದಾನೆ ಎಂದು ಅವಳಿಗೆ ಖಾತ್ರಿಯಾಗುತ್ತಾ ಬಂತು. ಸಂಜೆ ಆ ಕುರ್ಚಿಯ ಹತ್ತಿರ ಹಾಯಲು ಹೆದರುತ್ತಿದ್ದಳು. ಹೆದರಿದ್ದಕ್ಕೆ ನಾಚಿಕೆಯೂ ಆಗುತ್ತಿತ್ತು. ಹೆದರುವುದಕ್ಕೆ ಅವನೇನು ಪರಕೀಯನೇ?

ಕೊನೆಗೆ ಸಾಹೇಬನೊಬ್ಬನೇ ಉಳಿದ. ಅವನೂ ತಳಕ್ಕೆ ಇಳಿದು ಕೂರತೊಡಗಿದಾಗ ಅವಳು ಮೀನಿನ ಅಂಗಡಿಗೆ ಓಡಿದಳು. ಅಂಗಡಿಯವನು ಪಟ್ಟಿಗಳ ಡಬ್ಬಿಯನ್ನೂ ಪೆನ್ನಿನಂಥ ಮೀಟರನ್ನೂ ಕೊಟ್ಟ. ಮನೆಗೆ ಬಂದು ಮೂರನ್ನೂ ಸಾಲಾಗಿಟ್ಟು ಪಂಚಾಯಿತಿ ಸೇರಿಸಿದಳು. ಪಟ್ಟಿ ಗಾಢ ಗುಲಾಬಿಯಾಗಿ ನೀರು ಕೆಟ್ಟಿದೆ ಎಂದಿತು. ಮೀಟರಿನಲ್ಲಿ ಅಂಕೆ ಮೇಲೇರಿತು. ಹನಿ ಮಾತ್ರ ಹಳದಿ. ಮೀಟರಿಗೆ ನೀರಿನಲ್ಲಿ ಕರಗಿದ್ದೆಲ್ಲವೂ ಒಂದೇ, ಉಪ್ಪು ಯಾವುದು ವಿಷ ಯಾವುದು ತಿಳಿಯದು ಎಂದು ಅಂಗಡಿಯವನೇ ಹೇಳಿದ್ದ. ಪಟ್ಟಿಯೋ, ತಮ್ಮನ ಬಾಯಲ್ಲಿ ಗಾಳಿಮಾತು. ಉಳಿದದ್ದು ಹನಿ, ಮತ್ತು ತನ್ನ ಕಣ್ಣು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಹೆಂಗಸು. ಪಟ್ಟಿಯನ್ನು ಮುದುರಿ ಕಸಕ್ಕೆ ಎಸೆದಳು.

ಆ ಸಂಜೆ ಬಾಗಿಲಲ್ಲಿ ನಿಂತಿದ್ದವರು ಕೆಳಮನೆಯ ಗಡಿಯಾರ ರಿಪೇರಿಯವರು. ತಮ್ಮನಿಗೂ ಅವರಿಗೂ ಹಾವು ಮುಂಗುಸಿ ಸಂಬಂಧ. ಭಾನುವಾರ ಬಂತೆಂದರೆ ಅವರು ಕೆಳಗಿನಿಂದ ಕೋಲಿನಲ್ಲಿ ಮಾಳಿಗೆಗೆ ಗುದ್ದುತ್ತಿದ್ದರು. ಅದು ಅವಳ ಅಂಗಾಲಿಗೆ ತಿಳಿಯುತ್ತಿತ್ತು. ಏಕೆ ಎಂದು ಕೇಳಿದರೆ ತಮ್ಮ, "ತಲೆ ಕೆಟ್ಟಿದೆ ಅವರಿಗೆ" ಎಂದು ನಗುತ್ತಿದ್ದ.

"ಜಗಳಕ್ಕೆ ಬಂದಿಲ್ಲ ಅಕ್ಕ," ಎಂದು ಅವರು ಜೋರಾಗಿಯೇ ಹೇಳಿದರು. "ಒಂದು ಮಾತು ಕೇಳ್ಬೇಕು. ನೀವು ಈಗ್ಲೂ ಕುಟ್ತಿದ್ದೀರಾ?"

"ಕುಟ್ಟೋದಾ? ಏನನ್ನ?"

ಅವರ ಮುಖ ಬಿಳಿಚಿತು. "ಭಾನುವಾರ ಸಂಜೆ ನನಗೆ ಟಕ ಟಕ ಕೇಳ್ಸತ್ತೆ. ನಿಮ್ಮ ತಮ್ಮ ಕುಟ್ತಿದ್ದ ಹಾಗೇ. ಕೈಯಲ್ಲಿದ್ದ ಗಡಿಯಾರದ ಮುಳ್ಳು ಬಿದ್ದುಹೋಗತ್ತೆ. ನೀವೇ ಇರಬೇಕು ಅಂದ್ಕೊಂಡಿದ್ದೆ."

"ಅವನು ಏನು ಕುಟ್ತಿದ್ದ?"

"ನಿಮಗೆ ಗೊತ್ತಿಲ್ವಾ?" ಅವರು ಒಳಗೆ ಬಂದು ಮೇಜಿನ ಮೇಲಿದ್ದ ಎರಡನೇ ಬಾಟಲಿಯನ್ನು ತೋರಿಸಿದರು. "ಇದನ್ನೇ. ಒಂದು ಸಲ ಜಗಳಕ್ಕೆ ಅಂತ ಬಂದು ಕಣ್ಣಾರೆ ನೋಡಿದ್ದೆ. ಮೇಜಿಗೆ ಕುಟ್ಟೋದು, ಅಲ್ಲಾಡ್ಸೋದು, ಮತ್ತೆ ಕುಟ್ಟೋದು. ಯಾಕ್ರೀ ಈ ಹಿಂಸೆ ಅಂದ್ರೆ, 'ಔಷಧಿ ತಳದಲ್ಲಿ ಮಲಗಿಬಿಡತ್ತೆ, ಎಬ್ಬಿಸ್ಬೇಕು' ಅಂದ್ರು. ಆಮೇಲೆ ತೊಟ್ಟಿಯ ಆ ಮೂಲೆಗೆ ಒಂದು ಚಿಟಿಕೆ ಮೀನಿನ ತಿಂಡಿ ಹಾಕಿದ್ರು."

ಬಣ್ಣದಕ್ಕ ಬಾಟಲಿಯನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಗಟ್ಟಿಯಾಗಿ ಕೂತಿತ್ತು, ನುಣ್ಣನೆಯ ಬಿಳಿ ಪುಡಿ. ಅಲ್ಲಾಡಿಸದೆ ಡಬ್ಬ ತೆರೆದರೆ ಬಣ್ಣವೆಲ್ಲ ತಳದಲ್ಲೇ ಉಳಿದು ಬರೀ ಎಣ್ಣೆ ಬರುತ್ತದೆ ಎಂದು ಗಿರಾಕಿಗಳಿಗೆ ದಿನಾ ಗದರುತ್ತಿದ್ದವಳು ಅವಳು! ದೀಪದ ಬುಡದಲ್ಲೇ ಕತ್ತಲೆ. ಅಡುಗೆಮನೆಯಲ್ಲಿದ್ದ ಮಂದ ಕಿವಿಗೆ ಆ ಸದ್ದು ಒಂದು ದಿನವೂ ತಲುಪಿರಲಿಲ್ಲ.

ಅವಳು ಬಾಟಲಿಯನ್ನು ಮೇಜಿಗೆ ಕುಟ್ಟಿದಳು. ಅವಳಿಗೆ ಕೇಳಿಸಿದ್ದು ಕಡಿಮೆ, ಅಂಗೈಗೆ ತಿಳಿದದ್ದೇ ಹೆಚ್ಚು. ತಳದಲ್ಲಿ ಕೂತಿದ್ದ ಸಾಹೇಬ ಮೇಲೆದ್ದು, ಸೀಳಿದ ರೆಕ್ಕೆ ಬಡಿಯುತ್ತಾ ಮೂಲೆಗೆ ಬಂದು, ಬಾಯಿ ತೆರೆದು ನಿಂತ.

ಹನಿ ಹಾಕಿದಳು. ಗಡಿಯಾರದವರು ಕೈಗಡಿಯಾರ ನೋಡುತ್ತಾ ನಿಂತರು. ಐದು ನಿಮಿಷ ಕಾಯಬೇಕಾಗಲೇ ಇಲ್ಲ. ಕೊಳವೆಯ ನೀರು ಕಿತ್ತಳೆಯಾಗಿ, ಕೆಂಪಾಗಿ, ಇನ್ನೂ ಕೆಂಪಾಯಿತು. ಪಟ್ಟಿ ನಿಜ ಹೇಳಿತ್ತು. ಏನೂ ತಿಳಿಯದ ಮೀಟರು ಕೂಡ ಅದಕ್ಕೆ ತಿಳಿದಷ್ಟು ಹೇಳಿತ್ತು. ಅವಳ ಕಣ್ಣೂ ಸುಳ್ಳು ಹೇಳಿರಲಿಲ್ಲ. ಸುಳ್ಳು ಬಣ್ಣವನ್ನು ಅದು ಸರಿಯಾಗಿ ಓದಿತ್ತು.

"ಅವನು ಕರೀತಿರಲಿಲ್ಲ," ಎಂದಳು. "ಅವನು ಕರ್ಕೊಂಡು ಹೋಗ್ತಿದ್ದಾನೆ ಅಂದ್ಕೊಂಡಿದ್ದೆ. ಕಳಿಸ್ತಿದ್ದೋಳು ನಾನು." ಖಾಲಿ ಕುರ್ಚಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಗಡಿಯಾರದವರು ಏನು ಮಾಡಲೂ ತೋಚದೆ ಬಕೆಟ್ ಎಲ್ಲಿದೆ ಎಂದು ಹುಡುಕಹೊರಟರು.

ಒಮ್ಮೆಲೇ ನೀರೆಲ್ಲ ಬದಲಿಸಿದರೆ ಮೀನಿಗೆ ಆಘಾತ ಎಂದು ಅಂಗಡಿಯವನು ಹೇಳಿದ್ದರಿಂದ ದಿನಕ್ಕಿಷ್ಟಿಷ್ಟು ಬದಲಿಸಿದಳು. ಸಾಹೇಬ ಉಳಿದುಕೊಂಡ. ಒಂಟಿಯಾಗಿಯೇ ತೊಟ್ಟಿಯ ತುದಿಯಿಂದ ತುದಿಗೆ ಓಡಾಡತೊಡಗಿದ, ವಿಚಾರಿಸಲು ಯಾರೂ ಇಲ್ಲದಿದ್ದರೂ.

ಆಮೇಲೆ ಒಂದು ಹೊಸ ಪದ್ಧತಿ ಬೆಳೆಯಿತು. ಭಾನುವಾರ ಅವಳು ಬಾಟಲಿ ಕುಟ್ಟಿ, ಹನಿ ಹಾಕಿ, ತಿಂಡಿ ಉದುರಿಸಿ ಅಡುಗೆಮನೆಗೆ ಹೋಗಿ ನಿಲ್ಲುತ್ತಾಳೆ. ಅಲ್ಲೇ ಮೇಜಿನ ಹತ್ತಿರ ಕಾಯಬಹುದಿತ್ತು. ಆದರೆ ಅಡುಗೆಮನೆಯಿಂದ ಬಂದೇ ಬಣ್ಣ ನೋಡಿ ಅಭ್ಯಾಸ. ಕೆಳಗೆ ಗಡಿಯಾರದವರು ಕುಟ್ಟಿದ ಸದ್ದಿನಿಂದ ನಿಮಿಷ ಎಣಿಸಿ, ಹೊತ್ತಾದ ಕೂಡಲೇ ಹಳೆಯ ಕೋಲಿನಿಂದ ಮಾಳಿಗೆಗೆ ಗುದ್ದುತ್ತಾರೆ. ಅವಳ ಅಂಗಾಲು ಜುಮ್ಮೆನ್ನುತ್ತದೆ. ಸೆರಗಿಗೆ ಕೈ ಒರೆಸಿಕೊಂಡು ಬರುತ್ತಾಳೆ.

ಒಂದು ಸೋಮವಾರ ಅವಳು ಕೆಲಸಕ್ಕೆ ಹೊರಟಾಗ ಅವರು ಮೆಟ್ಟಿಲ ಬುಡದಲ್ಲಿ ಚೀಲ ಹಿಡಿದು ಎದುರಾದರು.

"ತಪ್ಪು ತಿಳ್ಕೋಬೇಡಿ ಅಕ್ಕ. ಮಗಳ ಮನೇಗೆ ಹೋಗಿದ್ದೆ, ಈಗ ಬರ್ತಿದ್ದೀನಿ. ನಿನ್ನೆ ಗುದ್ದೋಕೆ ಆಗ್ಲಿಲ್ಲ. ಬಣ್ಣ ನೋಡೋದು ಮರೆತುಹೋಯ್ತಾ?"

ಅವಳು ಬೀಗ ಹಾಕಿದ್ದ ಅವರ ಬಾಗಿಲನ್ನು ಒಮ್ಮೆ ನೋಡಿದಳು. ನಿನ್ನೆಯೂ ಅವಳ ಅಂಗಾಲು ಜುಮ್ಮೆಂದಿತ್ತು.

"ಇಲ್ಲ," ಎಂದಳು. "ಹೊತ್ತಿಗೆ ಸರಿಯಾಗಿ ನೋಡಿದೆ. ಹಳದಿ ಇತ್ತು."