ಕೆರೆಯಂಗಳದಲ್ಲಿ ನಲವತ್ತು ಹೊಡೆತ

ನನ್ನ ತಮ್ಮ ಗಾಲ್ಫ್ ಆಡುತ್ತಿದ್ದ ಅಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ. ತೊಗರ್ಸಿ ಹತ್ತಿರದ ನನ್ನ ತವರೂರಿನ ಕೆರೆಯಲ್ಲಿ, ನೀರು ಬತ್ತಿ ನೆಲ ಬಿರಿದ ಮೇಲೆ, ಅವನು ಹನ್ನೊಂದು ಬೇಸಿಗೆ ಆಡಿದ್ದಾನೆ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆ ಆಟದ ಹೆಸರು ಈಗಲೂ ನನ್ನ ನಾಲಿಗೆಗೆ ಸರಿಯಾಗಿ ಹೊರಳುವುದಿಲ್ಲ. ಆದರೆ ಅವನ ಕೊನೆಯ ಆಟ ಹತ್ತಿರದಿಂದ ಕಂಡವಳು ನಾನೊಬ್ಬಳೇ, ಹಾಗಾಗಿ ಬರೆಯುತ್ತಿದ್ದೇನೆ.

ಅವನು ಮರಳುಗಾಡಿನ ದೇಶದಲ್ಲಿ ಹದಿನಾರು ವರ್ಷ ದುಡಿದು ಬಂದವನು. ಅಲ್ಲಿ ದೊಡ್ಡವರು ಗಾಲ್ಫ್ ಆಡುವ ಮೈದಾನಕ್ಕೆ ನೀರು ಬಿಡುವುದು, ಹುಲ್ಲು ಕತ್ತರಿಸುವುದು ಅವನ ಕೆಲಸ. ಕೆಲಸದವರು ಆ ಹುಲ್ಲಿನ ಮೇಲೆ ಆಡುವ ಹಾಗಿರಲಿಲ್ಲ. ರಜೆಯ ದಿನ ಬೇಲಿಯಾಚೆ, ಬರೀ ಮರಳಿನಲ್ಲಿ ಗುಂಡಿ ತೋಡಿಕೊಂಡು ಆಡಿ ಕಲಿತರಂತೆ. ಬೇರೆಯವರು ಊರಿಗೆ ಬರುವಾಗ ಕಂಬಳಿ, ಅತ್ತರು ತಂದರೆ ಇವನು ತಂದದ್ದು ತುದಿಯಲ್ಲಿ ಕಬ್ಬಿಣದ ಪಾದವಿರುವ ಒಂದು ಕೋಲು, ಒಂದು ಚೀಲ ಬಿಳಿ ಚೆಂಡು. ಅವನ ಹೆಂಡತಿ ಆ ಕೋಲನ್ನು ಅಟ್ಟದ ಮೇಲೆಸೆದು ಒಂದು ತಿಂಗಳು ಮಾತಾಡಿರಲಿಲ್ಲ. ಅವಳ ಸಿಟ್ಟು ನ್ಯಾಯವಾದದ್ದೇ.

ಕೆರೆಯಲ್ಲಿ ಒಂಬತ್ತು ಕಡೆ ಹಾಲಿನಪುಡಿ ಡಬ್ಬ ಹೂತಿದ್ದ. ಒಂದೊಂದು ಡಬ್ಬದ ಸುತ್ತಲೂ ಮರಳು ಹರಡಿ, ಟ್ರ್ಯಾಕ್ಟರಿನ ಹಳೇ ಎಣ್ಣೆ ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಸುಗ್ಗಿಯ ಕಣದ ಹಾಗೆ ನುಣ್ಣಗೆ ಮಾಡಿದ್ದ. ನಾನು ಅದನ್ನು ಕಣ ಅಂತಲೇ ಕರೆಯುತ್ತಿದ್ದೆ. ಒಂಬತ್ತೂ ಕಣಕ್ಕೆ ಹೊಡೆದು ಮುಗಿಸಿದರೆ ಒಂದು ಸುತ್ತು. ಎಮ್ಮೆ ಮೇಯಿಸುವ ಹೆಂಗಸು ಅವನು ಬಿಳಿ ಚೆಂಡು ಹುಡುಕುವುದು ಕಂಡಾಗಲೆಲ್ಲ, “ಏನ್ರೀ, ಇವತ್ತೂ ಕೋಳಿ ಹೊರಗೇ ಮೊಟ್ಟೆ ಇಟ್ಟೈತಾ?” ಅನ್ನುತ್ತಿದ್ದಳು. “ನಿನ್ನ ಎಮ್ಮೆ ಮೊಟ್ಟೆ ಇಟ್ಟ ದಿನ ಬಿಡ್ತೀನಿ” ಅನ್ನುತ್ತಿದ್ದ ಇವನು.

ಮೂರು ವರ್ಷದ ಹಿಂದೆ ಅವನ ಕಣ್ಣು ಕೆಟ್ಟಿತು. ಸೊರಬದ ಕಡೆ ಇರುವ ನನ್ನ ಮನೆಗೆ ಬಂದು, ಶಿವಮೊಗ್ಗಕ್ಕೆ ಜೊತೆಗೆ ಬಾ ಅಂದ. ಕಣ್ಣೊಳಗೆ ಒತ್ತಡ ಹೆಚ್ಚಾಗಿ ನರ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಿಕೊಳ್ಳಬೇಕು ಅಂದರು ಡಾಕ್ಟರು. ಗಾಡಿ ಓಡಿಸಬಾರದು ಅಂತಲೂ ಹೇಳಿದರು. ಎದುರಿಗಿರುವುದು ಕೊಳವೆಯಲ್ಲಿ ನೋಡಿದ ಹಾಗೆ ಕಾಣುತ್ತಿತ್ತು. ಪಕ್ಕದ್ದು ಏನೂ ಕಾಣುತ್ತಿರಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ, ಹೆಂಡತಿಗೆ ಹೇಳಬೇಡ ಅಂತ ನನ್ನಿಂದ ಮಾತು ತೆಗೆದುಕೊಂಡ. ಕೊಟ್ಟೆ. ಅದು ನಾನು ಮಾಡಿದ ತಪ್ಪು.

ಅವನು ಬೈಕು ಬಿಡಲಿಲ್ಲ. ವಾರವಾರ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಶಿರಾಳಕೊಪ್ಪದ ಸಂತೆಗೆ ಹೋಗುತ್ತಿದ್ದ. ಕಬ್ಬಿನ ಲಾರಿ, ಬಸ್ಸು, ದನ, ಎಲ್ಲ ಓಡಾಡುವ ದಾರಿ ಅದು. ಹೋದ ಬೇಸಿಗೆಯಲ್ಲಿ ತವರಿಗೆ ಹೋದಾಗ ಬೈಕಿನ ಕನ್ನಡಿ ಒಡೆದದ್ದು ಕಂಡೆ. ಹಿತ್ತಲಿಗೆ ಕರೆದು, ಕೀಲಿಕೈ ಕೊಟ್ಟುಬಿಡು, ಇಲ್ಲದಿದ್ದರೆ ನಾನೇ ಅವಳಿಗೆ ಹೇಳುತ್ತೇನೆ ಅಂದೆ. ನನಗೆ ಕಾಣುತ್ತದೆ ಅಂತ ವಾದಕ್ಕೆ ನಿಂತ. ಕೊನೆಗೆ ಅವನೇ ಪಂಥ ಹಾಕಿದ. ಒಂದು ಸುತ್ತು ನಲವತ್ತು ಹೊಡೆತದಲ್ಲಿ ಮುಗಿಸಿದರೆ ಬೈಕು ಅವನದು, ನಾನು ಬಾಯಿ ಮುಚ್ಚಬೇಕು. ದಾಟಿದರೆ ಕೀಲಿಕೈ ನನ್ನದು, ಹೆಂಡತಿಗೂ ಹೇಳುವುದು. ಮುಂದಿನ ವರ್ಷದಿಂದ ಪೈಪಿನಲ್ಲಿ ಹೊಳೆನೀರು ತಂದು ಕೆರೆ ತುಂಬಿಸುತ್ತಾರೆ ಅನ್ನುವ ಸುದ್ದಿ ಇತ್ತು. ಆಡಿದರೆ ಈಗಲೇ ಆಡಬೇಕಿತ್ತು. ಕಣ್ಣು ಚೆನ್ನಾಗಿದ್ದಾಗ ಅವನು ಮೂವತ್ತೇಳಕ್ಕೆ ಮುಗಿಸಿದ್ದುಂಟು.

ಲೆಕ್ಕಕ್ಕೆ ನಲವತ್ತು ಹುಣಸೆಬೀಜ ಎಣಿಸಿ ಸೆರಗಿನಲ್ಲಿ ಗಂಟು ಕಟ್ಟಿಕೊಂಡೆ. ಒಂದು ಹೊಡೆತಕ್ಕೆ ಒಂದು ಬೀಜ ಎಸೆಯುವುದು. ಚೆಂಡು ಎಲ್ಲಿ ಬಿತ್ತು ಅಂತ ನಾನು ಹೇಳಬಾರದು, ಅವನೇ ಹುಡುಕಬೇಕು.

ಬಿಸಿಲು ಇಳಿಯುವ ಹೊತ್ತಿಗೆ ಶುರು ಮಾಡಿದ. ಮೊದಲ ಐದು ಕಣ ಅವನು ಆಡಿದ ರೀತಿ ನೋಡಿ ನನಗೇ ಅನುಮಾನ ಬಂತು, ಡಾಕ್ಟರು ಸುಳ್ಳು ಹೇಳಿದರೇನೋ ಅಂತ. ಆಮೇಲೆ ಅವನ ತುಟಿ ಅಲ್ಲಾಡುವುದು ಕಂಡೆ. ಹೆಜ್ಜೆ ಎಣಿಸುತ್ತಿದ್ದ. ಹನ್ನೊಂದು ಬೇಸಿಗೆ ತುಳಿದ ನೆಲ, ಕಾಲಿಗೆ ಗೊತ್ತಿತ್ತು. ಆರನೇ ಕಣದಲ್ಲಿ ಚೆಂಡು ಅವನ ಎಡಗಾಲಿನ ಪಕ್ಕದಲ್ಲೇ ಬಿದ್ದಿತ್ತು. ಅವನು ಮುಂದೆ ಮುಂದೆ ಹೋಗಿ ಹುಡುಕಿದ. ತಿರುಗಿ ಬಂದ, ಮತ್ತೆ ಹೋದ. ನಾನು ಮಾತಿನ ಪ್ರಕಾರ ಬಾಯಿ ಬಿಡಲಿಲ್ಲ. ಎಮ್ಮೆಯ ಹೆಂಗಸು ದೂರದಲ್ಲಿ ನಿಂತು ನೋಡುತ್ತಿದ್ದಳು. ಅವತ್ತು ಅವಳೂ ಮೊಟ್ಟೆಯ ಮಾತು ತೆಗೆಯಲಿಲ್ಲ. ಕೊನೆಗೆ ಚೆಂಡನ್ನು ತುಳಿದು ಜಾರಿ, ಹಾಗೆ ಕಂಡುಹಿಡಿದ.

ಒಂಬತ್ತನೇ ಕಣಕ್ಕೆ ಬಂದಾಗ ಸೆರಗಿನಲ್ಲಿ ನಾಲ್ಕು ಬೀಜ ಇತ್ತು. ಮೂರು ಹೊಡೆತಕ್ಕೆ ಡಬ್ಬದಿಂದ ಎರಡು ಮಾರು ದೂರಕ್ಕೆ ಬಂದ. ಸೂರ್ಯ ಕೆರೆ ಏರಿಯ ಮೇಲೆ, ನೇರ ಅವನ ಮುಖಕ್ಕೆ. ಬಗ್ಗಿ ಮೆಲ್ಲಗೆ ತಳ್ಳಿದ. ನಾನು ಕೊನೆಯ ಬೀಜ ಎಸೆದೆ. ಚೆಂಡು ಡಬ್ಬದ ಅಂಚು ಸವರಿ, ಕಣ ದಾಟಿ, ಕೈಯಗಲ ಬಿರಿದಿದ್ದ ನೆಲದೊಳಗೆ ಇಳಿದುಹೋಯಿತು.

“ಹೋತೇನಕ್ಕ?” ಅಂದ.

“ಹೋತು” ಅಂದೆ.

ನಮ್ಮ ಕಡೆ ಎಲ್ಲದಕ್ಕೂ ಅದೊಂದೇ ಮಾತು. ಬಸ್ಸು ತಪ್ಪಿದರೂ ಹೋತು, ಕರೆಂಟು ನಿಂತರೂ ಹೋತು, ಮನುಷ್ಯ ಸತ್ತರೂ ಹೋತು ಜೀವ. ನಾನು ಹೇಳಿದ್ದು ಚೆಂಡು ಕಳೆಯಿತು ಅಂತ. ಅವನು ಕೇಳಿಸಿಕೊಂಡದ್ದು ಡಬ್ಬಕ್ಕೆ ಹೋಯಿತು ಅಂತ. ಕೋಲನ್ನು ಹೆಗಲಿಗಿಟ್ಟು, ಬೈಕು ನಿಲ್ಲಿಸಿದ್ದ ಕಡೆ ಹೊರಟ. ಜೇಬಿನಿಂದ ಕೀಲಿಕೈ ತೆಗೆದು ಬೆರಳಿಗೆ ಸಿಕ್ಕಿಸಿಕೊಂಡ.

“ನೋಡಿದ್ಯಾ, ನನಗೆ ಕಣ್ಣಿಲ್ಲ ಅಂತಿದ್ದೆ. ನಾಳೆ ಸಂತೆಗೆ ಅವಳನ್ನ ಕೂರಿಸ್ಕೊಂಡೇ ಹೋಗ್ತೀನಿ.”

ಸುಳ್ಳು ಬರೆಯುವುದಿಲ್ಲ, ನಾನು ಸುಮ್ಮನೆ ಅವನ ಹಿಂದೆ ನಡೆದೆ. ಹತ್ತು ಹೆಜ್ಜೆಯಾದರೂ ನಡೆದಿರಬಹುದು. ಎರಡು ವರ್ಷದಲ್ಲಿ ಅವನು ಅಷ್ಟು ಸಲೀಸಾಗಿ ನಡೆದದ್ದು ನಾನು ನೋಡಿರಲಿಲ್ಲ. ಆದರೆ ನಾಳೆ ಅವನ ಬೆನ್ನ ಹಿಂದೆ ಕೂರುವವಳಿಗೆ ಏನೂ ಗೊತ್ತಿರಲಿಲ್ಲ.

“ನಿಲ್ಲು ತಮ್ಮ. ಡಬ್ಬಕ್ಕೆ ಹೋಗಿಲ್ಲ ಅದು. ಬಿರುಕಿಗೆ ಹೋತು.”

ಅವನು ತಿರುಗಿದ. ನಾನು ನಿಂತ ಕಡೆಗಲ್ಲ, ಸ್ವಲ್ಪ ಪಕ್ಕಕ್ಕೆ ನೋಡುತ್ತ, “ಪಂಥ ಗೆಲ್ಲೋಕೆ ಹಿಂಗೆ ಹೇಳ್ತೀಯಾ?” ಅಂದ.

“ಕೈ ಹಾಕಿ ನೋಡು.”

ವಾಪಸು ಬಂದು ಕಣದಲ್ಲಿ ಮಂಡಿಯೂರಿದ. ಡಬ್ಬದೊಳಗೆ ಕೈ ಇಟ್ಟು ಸುತ್ತ ಆಡಿಸಿದ, ಮಣ್ಣು ಬಂತು. ಆಮೇಲೆ ಬಿರುಕು ಹುಡುಕಿ ಮೊಣಕೈವರೆಗೆ ತೋಳು ಇಳಿಸಿದ. ಚೆಂಡು ಸಿಗಲಿಲ್ಲ. ಅಲ್ಲೇ ಕೂತ. ನಾನೂ ಕಾಲು ನೋವಿಗೆ ಕೂತೆ. ಬೆನ್ನು ಸವರುವುದೆಲ್ಲ ನಮ್ಮ ಮನೆಯಲ್ಲಿ ಅಭ್ಯಾಸವಿಲ್ಲ.

“ನೀನು ಸುಮ್ಮನಿದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ಲ” ಅಂದ.

“ಅದಕ್ಕೇ ಹೇಳಿದ್ದು” ಅಂದೆ.

ಕೀಲಿಕೈ ನನ್ನ ಕಡೆ ಚಾಚಿದ. ಇಸಿದುಕೊಂಡೆ. ನನಗೆ ಬೈಕು ಬರುವುದಿಲ್ಲ, ಅವನು ಓಡಿಸುವ ಹಾಗಿಲ್ಲ. ಇಬ್ಬರೂ ಅದನ್ನು ತಳ್ಳಿಕೊಂಡು ಏರಿ ಹತ್ತಿ ಮನೆಗೆ ಬಂದೆವು. ಅಂಗಳದಲ್ಲಿ ಅವನ ಹೆಂಡತಿ ಒಣಹಾಕಿದ್ದ ಮೆಣಸಿನಕಾಯಿ ಬಾಚುತ್ತಿದ್ದಳು. ಯಾಕೆ ತಳ್ಳಿಕೊಂಡು ಬಂದಿರಿ ಅಂತ ಕೇಳಿದಳು. ಅವನು, ಪೆಟ್ರೋಲ್ ಮುಗೀತು ಅಂದ.

“ಪೆಟ್ರೋಲ್ ಅಲ್ಲ ಕಣೇ. ಇವನ ಕಣ್ಣು ಮುಗೀತು” ಅಂದೆ ನಾನು.

ಅವಳು ಬಾಚುವುದು ನಿಲ್ಲಿಸಲಿಲ್ಲ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಬಾಚಿ, ಮೊರಕ್ಕೆ ತುಂಬಿ, ಆಮೇಲೆ ತಲೆಯೆತ್ತಿದಳು. ಗಂಡನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

“ನಿಮಗೆ ಯಾವಾಗಿಂದ ಗೊತ್ತು ಅತ್ತಿಗೆ?”

ಎರಡು ವರ್ಷ ಅಂದೆ. ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಅವತ್ತಿಂದ ಇವತ್ತಿನವರೆಗೆ ಅವಳು ಗಂಡನ ಕಣ್ಣಿಗೆ ದಿನಾ ಹನಿ ಹಾಕುತ್ತಾಳೆ. ನನ್ನ ಜೊತೆ ಮಾತಿಲ್ಲ.